ಮೊದಲು ಸಮತಲಕ್ಕೆ ಇಳಿಸಿ: ಸರ್ವೆ ಲೆಕ್ಕದಲ್ಲಿ ಇಳಿಜಾರು ದೂರ ಮತ್ತು ಕೋನಗಳು

ನಕ್ಷೆಯ ಮೇಲಿನ ಗೆರೆ ಸಮತಲ ದೂರ. ನೆಲದ ಮೇಲೆ ಹಾಸಿದ ಟೇಪು ಅಥವಾ ಟೋಟಲ್ ಸ್ಟೇಷನ್ನಿನ (ಕೋನ, ದೂರ ಎರಡನ್ನೂ ಅಳೆಯುವ ಉಪಕರಣ) ಕಿರಣ ಅಳೆಯುವುದು ಇಳಿಜಾರು ದೂರ. ಜಮೀನಿನ ವಿಸ್ತೀರ್ಣ, ಗಡಿ ಬಿಂದುಗಳ ಕೋಆರ್ಡಿನೇಟ್, ಟ್ರಾವರ್ಸಿನ (ಬಿಂದುವಿನಿಂದ ಬಿಂದುವಿಗೆ ಸರಪಳಿಯಂತೆ ಅಳೆದ ಗೆರೆಗಳ) ಮುಚ್ಚುಗಡೆ ಎಲ್ಲವೂ ಸಮತಲ ದೂರದ ಮೇಲೆ ನಿಂತಿವೆ. ಹಾಗಾಗಿ ಅಳತೆ ಕೈಗೆ ಬಂದ ಕೂಡಲೇ ಮೊದಲು ಅದನ್ನು ಸಮತಲಕ್ಕೆ ಇಳಿಸಬೇಕು, ಬೇರೆ ಲೆಕ್ಕ ಏನಿದ್ದರೂ ಆಮೇಲೆ. ಈ ಕ್ರಮ ಹಿಂದೆ ಮುಂದೆ ಆದಾಗ ಹುಟ್ಟುವ ತಪ್ಪುಗಳು ನೋಡಲು ಸರಿಯಾದ ಉತ್ತರದಂತೆಯೇ ಇರುತ್ತವೆ, ಅದೇ ತೊಂದರೆ.

ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎಷ್ಟು ವ್ಯತ್ಯಾಸ ಬರುತ್ತದೆ? 100 ಮೀ. ಇಳಿಜಾರು ದೂರಕ್ಕೆ 1° ಇಳಿಜಾರಿನಲ್ಲಿ 15 ಮಿ.ಮೀ., 2°ಯಲ್ಲಿ 61 ಮಿ.ಮೀ., 5°ಯಲ್ಲಿ 381 ಮಿ.ಮೀ., 10°ಯಲ್ಲಿ 1.519 ಮೀ., 20°ಯಲ್ಲಿ 6.031 ಮೀ. ಕೋನ ಎರಡು ಪಟ್ಟಾದರೆ ವ್ಯತ್ಯಾಸ ಸುಮಾರು ನಾಲ್ಕು ಪಟ್ಟು. ಕಣ್ಣಿಗೆ ಸಮತಟ್ಟಾಗಿ ಕಾಣುವ ಗದ್ದೆಯಲ್ಲೂ 2° ಇಳಿಜಾರು ಇರಬಹುದು; "ಇಲ್ಲಿ ಇಳಿಜಾರೇ ಇಲ್ಲ" ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ.

ಯಾವ ಕೋನ ಎಂಬುದು ಮೊದಲು ಖಚಿತವಾಗಲಿ

ಇಂದಿನ ಟೋಟಲ್ ಸ್ಟೇಷನ್‌ಗಳು ಸಾಮಾನ್ಯವಾಗಿ ಜೆನಿತ್ ಕೋನ ತೋರಿಸುತ್ತವೆ: ನೆತ್ತಿಯ ಮೇಲೆ 0°, ಸಮತಲ ದೃಷ್ಟಿಗೆ 90°, ಕೆಳಗೆ ನೋಡಿದರೆ 90°ಗಿಂತ ಹೆಚ್ಚು. ಕ್ಲೈನೋಮೀಟರ್ (ಇಳಿಜಾರಿನ ಕೋನ ಓದುವ ಚಿಕ್ಕ ಉಪಕರಣ), ಹಳೆಯ ಥಿಯೋಡೊಲೈಟ್‌ಗಳಲ್ಲಿ (ಕೋನ ಅಳೆಯುವ ಉಪಕರಣ) ಸಮತಲದಿಂದ ಅಳೆದ ಲಂಬ ಕೋನ ಇರುತ್ತದೆ. ಮೇಲಕ್ಕೆ ಧನ, ಕೆಳಕ್ಕೆ ಋಣ. ಎರಡರ ಸೂತ್ರಗಳಲ್ಲಿ ಸೈನ್ ಮತ್ತು ಕೊಸೈನ್ ಅದಲು ಬದಲಾಗುತ್ತವೆ.

ಜೆನಿತ್ ಕೋನ ಇದ್ದರೆ:
ಸಮತಲ ದೂರ = ಇಳಿಜಾರು ದೂರ × ಸೈನ್ (ಜೆನಿತ್ ಕೋನ)
ಲಂಬ ದೂರ = ಇಳಿಜಾರು ದೂರ × ಕೊಸೈನ್ (ಜೆನಿತ್ ಕೋನ)

ಲಂಬ ಕೋನ ಇದ್ದರೆ:
ಸಮತಲ ದೂರ = ಇಳಿಜಾರು ದೂರ × ಕೊಸೈನ್ (ಲಂಬ ಕೋನ)
ಲಂಬ ದೂರ = ಇಳಿಜಾರು ದೂರ × ಸೈನ್ (ಲಂಬ ಕೋನ)

ಜೆನಿತ್ ಕೋನದ ಅನುಕೂಲವೆಂದರೆ ಚಿಹ್ನೆ ತಾನಾಗಿಯೇ ಬರುತ್ತದೆ. 90° ದಾಟಿದರೆ ಕೊಸೈನ್ ಋಣವಾಗುತ್ತದೆ, ಎತ್ತರ ಇಳಿಯುತ್ತದೆ. ಲಂಬ ಕೋನದಲ್ಲಿ ಋಣ ಚಿಹ್ನೆಯನ್ನು ಬರೆಯುವವರೇ ನೆನಪಿಟ್ಟು ಹಾಕಬೇಕು. ಫೀಲ್ಡ್ ಬುಕ್ಕಿನ ಕಾಲಂ ತಲೆಬರಹದಲ್ಲೇ "ಜೆನಿತ್" ಅಥವಾ "ಲಂಬ" ಎಂದು ಬರೆದಿಡಿ. ಬರೀ "ಕೋನ" ಎಂದಿರುವ ಕಾಲಂ ಮುಂದೊಂದು ದಿನ ಯಾರನ್ನಾದರೂ ದಾರಿ ತಪ್ಪಿಸುತ್ತದೆ.

ಒಂದು ಅಳತೆ, ಮೊದಲಿನಿಂದ ಕೊನೆಯವರೆಗೆ

'ಅ' ಬಿಂದುವಿನ ಮೇಲೆ ಟೋಟಲ್ ಸ್ಟೇಷನ್, 'ಬ' ಬಿಂದುವಿನ ಮೇಲೆ ಪ್ರಿಸಂ (ಕಿರಣವನ್ನು ವಾಪಸು ಕಳಿಸುವ ಗಾಜು). ಉಪಕರಣದ ಎತ್ತರ 1.545 ಮೀ., ಪ್ರಿಸಂ ಎತ್ತರ 1.800 ಮೀ., 'ಅ'ದ ಆರ್.ಎಲ್. (ಆಧಾರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ) 612.340 ಮೀ. ಇಳಿಜಾರು ದೂರ 248.637 ಮೀ. ಬಂದಿದೆ.

ಕೋನವನ್ನು ಎರಡೂ ಫೇಸ್‌ಗಳಲ್ಲಿ ಓದಿ, ಅಂದರೆ ಒಮ್ಮೆ ಓದಿ, ಟೆಲಿಸ್ಕೋಪನ್ನು ಮಗುಚಿ ಉಪಕರಣವನ್ನು ಅರ್ಧ ಸುತ್ತು ತಿರುಗಿಸಿ ಅದೇ ಗುರಿಗೆ ಮತ್ತೆ ಓದಿ. ಫೇಸ್ ಲೆಫ್ಟ್ 86°24′38″, ಫೇಸ್ ರೈಟ್ 273°35′38″ ಎಂದುಕೊಳ್ಳೋಣ. ಎರಡನ್ನೂ ಕೂಡಿದರೆ 360° ಬರಬೇಕಿತ್ತು, 360°00′16″ ಬಂದಿದೆ. ಹೆಚ್ಚುವರಿಯ ಅರ್ಧ, ಅಂದರೆ 8″, ಇಂಡೆಕ್ಸ್ ದೋಷ (ಲಂಬ ಕೋನದ ವೃತ್ತದ ಸೊನ್ನೆ ಸರಿದಿರುವಷ್ಟು). ಫೇಸ್ ಲೆಫ್ಟ್‌ನಿಂದ ಅದನ್ನು ಕಳೆದರೆ ಸರಿಯಾದ ಜೆನಿತ್ ಕೋನ 86°24′30″. ಒಂದೇ ಫೇಸ್ ನಂಬಿದ್ದರೆ ಈ 8″ನಿಂದ 248 ಮೀ. ದೂರದಲ್ಲಿ ಎತ್ತರ ಸುಮಾರು 1 ಸೆಂ.ಮೀ. ತಪ್ಪುತ್ತಿತ್ತು, ಸಮತಲ ದೂರ ಮಾತ್ರ 1 ಮಿ.ಮೀ.ನಷ್ಟೂ ಕದಲುತ್ತಿರಲಿಲ್ಲ. ಇಂಡೆಕ್ಸ್ ದೋಷ ಒಂದೇ ದಿನದ ಎಲ್ಲ ಓದಿಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು ಗುರಿಗೆ 8″, ಮುಂದಿನದಕ್ಕೆ 40″ ಬಂದರೆ ದೋಷ ಉಪಕರಣದ್ದಲ್ಲ, ಗುರಿ ಹಿಡಿದದ್ದರಲ್ಲಿ ಎಡವಟ್ಟಾಗಿದೆ, ಮತ್ತೆ ಓದಿ.

ಡಿಗ್ರಿಯನ್ನು ದಶಮಾಂಶಕ್ಕೆ ಬದಲಿಸಿ: 86 + 24/60 + 30/3600 = 86.408333°.

ಸೈನ್ 0.998036, ಕೊಸೈನ್ 0.062645.
ಸಮತಲ ದೂರ = 248.637 × 0.998036 = 248.149 ಮೀ.
ಲಂಬ ದೂರ = 248.637 × 0.062645 = 15.576 ಮೀ.

ಈ 15.576 ಉಪಕರಣದ ಅಕ್ಷದಿಂದ ಪ್ರಿಸಂ ಮಧ್ಯದವರೆಗಿನ ಏರಿಕೆ, ನೆಲದಿಂದ ನೆಲದ್ದಲ್ಲ. ನೆಲಕ್ಕೆ ತರಬೇಕಾದರೆ:

'ಬ'ದ ಆರ್.ಎಲ್. = 'ಅ'ದ ಆರ್.ಎಲ್. + ಉಪಕರಣದ ಎತ್ತರ + ಲಂಬ ದೂರ − ಪ್ರಿಸಂ ಎತ್ತರ
= 612.340 + 1.545 + 15.576 − 1.800 = 627.661 ಮೀ.

ನೆಲದಿಂದ ನೆಲಕ್ಕೆ ಏರಿಕೆ 15.321 ಮೀ. ಇಳಿಜಾರಿನ ಶೇಕಡಾವಾರು ಬೇಕಿದ್ದರೆ ಇದನ್ನು ಸಮತಲ ದೂರದಿಂದ ಭಾಗಿಸಿ: 15.321 ÷ 248.149, ಅಂದರೆ 6.17%. ನೆಲದ ಮೇಲಿನ ನಿಜವಾದ ಇಳಿಜಾರು ದೂರ (ಎರಡು ಗೂಟಗಳ ನಡುವೆ ತಂತಿ ಎಳೆದರೆ ಬೇಕಾಗುವಷ್ಟು) ಪೈಥಾಗೊರಸ್ ಪ್ರಕಾರ 248.621 ಮೀ. ಉಪಕರಣ ತೋರಿಸಿದ 248.637ಕ್ಕೂ ಇದಕ್ಕೂ 16 ಮಿ.ಮೀ. ಅಂತರವಿದೆ, ಏಕೆಂದರೆ ಉಪಕರಣ ಮತ್ತು ಪ್ರಿಸಂ ಎತ್ತರಗಳು ಬೇರೆ ಬೇರೆ. ಎರಡನ್ನೂ ಒಂದೇ ಎತ್ತರಕ್ಕೆ ಹೊಂದಿಸಿದರೆ ಈ ಅಂತರ ಮಾಯವಾಗುತ್ತದೆ, ಆರ್.ಎಲ್. ಲೆಕ್ಕದಲ್ಲೂ ಎರಡು ಸಂಖ್ಯೆಗಳು ಪರಸ್ಪರ ರದ್ದಾಗುತ್ತವೆ. ಸಾಧ್ಯವಿದ್ದಾಗಲೆಲ್ಲ ಹಾಗೆ ಮಾಡುವುದು ಒಳ್ಳೆಯದು.

ಇನ್ನು ಕೋಆರ್ಡಿನೇಟ್. 'ಅ'ದಿಂದ 'ಬ'ಗೆ ಬೇರಿಂಗ್ (ಉತ್ತರದಿಂದ ಬಲಕ್ಕೆ ಅಳೆದ ದಿಕ್ಕಿನ ಕೋನ) 64°18′20″ ಆದರೆ ಉತ್ತರದ ಅಂಶ 248.149 × ಕೊಸೈನ್ (ಬೇರಿಂಗ್) = 107.590 ಮೀ., ಪೂರ್ವದ ಅಂಶ 248.149 × ಸೈನ್ (ಬೇರಿಂಗ್) = 223.612 ಮೀ. 'ಅ'ದ ಉತ್ತರ 1000.000, ಪೂರ್ವ 500.000 ಇದ್ದರೆ 'ಬ'ದ ಉತ್ತರ 1107.590, ಪೂರ್ವ 723.612. ಇಲ್ಲಿ 248.149ರ ಬದಲು 248.637 ಹಾಕಿದ್ದರೆ 'ಬ' ಬಿಂದು ಅದೇ ದಿಕ್ಕಿನಲ್ಲಿ ಅರ್ಧ ಮೀಟರಿನಷ್ಟು ಆಚೆ ಹೋಗಿ ಕೂರುತ್ತಿತ್ತು.

ಸಮತಲ ಕೋನಕ್ಕೆ ಇಳಿಜಾರು ದೂರವನ್ನು ಜೋಡಿಸಬೇಡಿ

ಅನುಭವಸ್ಥರೂ ಇಲ್ಲಿ ಮುಗ್ಗರಿಸುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸಮತಲವಾಗಿ ಲೆವೆಲ್ ಮಾಡಿದ ಉಪಕರಣದ ಟೆಲಿಸ್ಕೋಪನ್ನು ಮೇಲೆ ಕೆಳಗೆ ಎಷ್ಟೇ ಆಡಿಸಿದರೂ ಸಮತಲ ವೃತ್ತದ ಓದಿಕೆ ಬದಲಾಗುವುದಿಲ್ಲ. ಅಂದರೆ ಆ ಓದಿಕೆ ಆಗಲೇ ಸಮತಲಕ್ಕೆ ಇಳಿದಿರುವ ಕೋನ. ಅದರ ಜೊತೆ ಇನ್ನೂ ಇಳಿಯದ ದೂರವನ್ನು ತ್ರಿಕೋನದಲ್ಲಿ ಸೇರಿಸಿದರೆ ಆ ತ್ರಿಕೋನ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

ಒಂದೇ ಸ್ಟೇಷನ್ನಿನಿಂದ 'ಪ' ಮತ್ತು 'ಕ' ಎಂಬ ಎರಡು ಮೂಲೆಗಳನ್ನು ನೋಡಿ, ಅವೆರಡರ ನಡುವಿನ ದೂರ ಬೇಕಾಗಿದೆ. ನಡುವೆ ಕಟ್ಟಡವೋ ಹಳ್ಳವೋ ಇದ್ದಾಗ ಬಳಸುವ ಮಾಮೂಲಿ ವಿಧಾನ. 'ಪ'ಗೆ ಇಳಿಜಾರು ದೂರ 120.450 ಮೀ., ಜೆನಿತ್ ಕೋನ 81°. 'ಕ'ಗೆ 95.300 ಮೀ., ಜೆನಿತ್ ಕೋನ 97°. ಎರಡರ ನಡುವಿನ ಸಮತಲ ಕೋನ 73°. ಪ್ರಿಸಂ ಎತ್ತರ ಎರಡು ಕಡೆಯೂ ಒಂದೇ.

ಸರಿಯಾದ ದಾರಿ: ಮೊದಲು ಸಮತಲ ದೂರಗಳು, 118.967 ಮತ್ತು 94.590 ಮೀ. ಇವನ್ನು 73° ಜೊತೆ ಕೊಸೈನ್ ನಿಯಮಕ್ಕೆ ಹಾಕಿದರೆ 'ಪ'–'ಕ' ಸಮತಲ ದೂರ 128.531 ಮೀ. ಲಂಬ ದೂರಗಳು +18.843 ಮತ್ತು −11.614; ಅಂತರ 30.457 ಮೀ. ಹಾಗಾಗಿ 'ಪ'–'ಕ' ಇಳಿಜಾರು ದೂರ 132.090 ಮೀ.

ಅವಸರದ ದಾರಿ: 120.450 ಮತ್ತು 95.300ನ್ನೇ ನೇರವಾಗಿ 73° ಜೊತೆ ಹಾಕಿದರೆ 129.916 ಮೀ. ಇದು ಸಮತಲ ದೂರವೂ ಅಲ್ಲ, ಇಳಿಜಾರು ದೂರವೂ ಅಲ್ಲ. ಸರಿಯಾದ ಸಮತಲ ದೂರಕ್ಕಿಂತ 1.385 ಮೀ. ಹೆಚ್ಚು, ನಿಜವಾದ ಇಳಿಜಾರಿಗಿಂತ 2.174 ಮೀ. ಕಡಿಮೆ. ಎರಡರ ನಡುವೆ ಎಲ್ಲೋ ಬಿದ್ದಿರುವುದರಿಂದ ಕಣ್ಣಿಗೆ ಅನುಮಾನವೂ ಬರುವುದಿಲ್ಲ. ಮೇಲೆ ಒಂದು, ಕೆಳಗೆ ಒಂದು ಗುರಿ ಇದ್ದಾಗ ಈ ತಪ್ಪು ತೀರಾ ಹೆಚ್ಚು.

ದೂರಕ್ಕೂ ಎತ್ತರಕ್ಕೂ ಕೋನದ ತಪ್ಪು ಬೇರೆ ಬೇರೆ ರೀತಿ ತಾಗುತ್ತದೆ

ಕೋನದಲ್ಲಿ ಸಣ್ಣ ತಪ್ಪಾದರೆ ಸಮತಲ ದೂರದಲ್ಲಿ ಆಗುವ ತಪ್ಪು ಇಳಿಜಾರು ದೂರ × ಸೈನ್ (ಲಂಬ ಕೋನ) × ಕೋನದ ತಪ್ಪು (ರೇಡಿಯನ್‌ನಲ್ಲಿ). ಎತ್ತರದಲ್ಲಾದರೆ ಸೈನ್ ಬದಲು ಕೊಸೈನ್. ಸೆಕೆಂಡುಗಳನ್ನು ರೇಡಿಯನ್ ಮಾಡಲು 206265ರಿಂದ ಭಾಗಿಸಿ.

ಹಾಗಾಗಿ ಚಪ್ಪಟೆ ಜಾಗದಲ್ಲಿ ಕೋನ ಸ್ವಲ್ಪ ತಪ್ಪಿದರೂ ದೂರಕ್ಕೆ ಏನೂ ಆಗದು, ಎತ್ತರ ಮಾತ್ರ ಕೆಡುತ್ತದೆ. ಮೇಲಿನ 248.637 ಮೀ. ಅಳತೆಯಲ್ಲಿ 20″ ತಪ್ಪಿದ್ದರೆ ಎತ್ತರ 24 ಮಿ.ಮೀ., ದೂರ ಕೇವಲ 1.5 ಮಿ.ಮೀ. ತಪ್ಪುತ್ತದೆ. 30° ಕಡಿದಾದ ಗುಡ್ಡದಲ್ಲಿ 100 ಮೀ.ಗೆ ಅದೇ 20″ ತಪ್ಪು ಎತ್ತರದಲ್ಲಿ 8.4 ಮಿ.ಮೀ., ದೂರದಲ್ಲಿ 4.8 ಮಿ.ಮೀ. ಆಗಿ ಹಂಚಿಹೋಗುತ್ತದೆ. ಕಡಿದಾದ ಜಾಗದಲ್ಲಿ ಗಡಿ ಅಳೆಯುವಾಗಲೂ ಲಂಬ ವೃತ್ತವನ್ನು ಎಚ್ಚರದಿಂದ ಓದಬೇಕು ಅನ್ನುವುದು ಇದಕ್ಕೇ.

ಕಡಿದಾದ ದೃಷ್ಟಿಯಲ್ಲಿ ಸಮತಲ ಕೋನವೂ ಕೆಡುತ್ತದೆ. ಟೆಲಿಸ್ಕೋಪಿನ ಅಡ್ಡ ಅಕ್ಷ ಓರೆಯಾಗಿದ್ದರೆ ಅದರ ಪರಿಣಾಮ ಲಂಬ ಕೋನದ ಟ್ಯಾನ್ ಪ್ರಕಾರ ಬೆಳೆಯುತ್ತದೆ. ಎರಡು ಫೇಸ್‌ಗಳ ಸರಾಸರಿ ಇದನ್ನು ತೆಗೆಯುತ್ತದೆ. ಆದರೆ ಉಪಕರಣವನ್ನೇ ಸರಿಯಾಗಿ ಲೆವೆಲ್ ಮಾಡದೆ ಲಂಬ ಅಕ್ಷ ವಾಲಿದ್ದರೆ ಎರಡು ಫೇಸ್ ಓದಿದರೂ ಪ್ರಯೋಜನವಿಲ್ಲ. ಎರಡರಲ್ಲೂ ಒಂದೇ ತಪ್ಪು ಬರುತ್ತದೆ. ಗುಡ್ಡದ ಮೇಲೆ ಬಬಲ್ (ಮಟ್ಟ ತೋರಿಸುವ ಗುಳ್ಳೆ) ನೋಡಲು ಅರ್ಧ ನಿಮಿಷ ಹೆಚ್ಚು ಕೊಡಿ.

ಟೇಪು ಮತ್ತು ಕ್ಲೈನೋಮೀಟರ್ ಮಾತ್ರ ಇದ್ದಾಗ

ಟೇಪನ್ನು ಇಳಿಜಾರಿನ ಮೇಲೇ ಬಿಗಿಯಾಗಿ ಹಿಡಿದು ಅಳೆಯಿರಿ, ಕ್ಲೈನೋಮೀಟರಿನಲ್ಲಿ ಕೋನ ಓದಿ, ಕೊಸೈನ್‌ನಿಂದ ಗುಣಿಸಿ. ಕೋನ ಓದುವಾಗ ಆಚೆ ತುದಿಯ ಕೋಲಿನ ಮೇಲೆ ನಿಮ್ಮ ಕಣ್ಣಿನ ಎತ್ತರಕ್ಕೇ ಒಂದು ಗುರುತು ಮಾಡಿಸಿ ಅದನ್ನು ನೋಡಬೇಕು. ಆಗಷ್ಟೇ ದೃಷ್ಟಿರೇಖೆ ಟೇಪಿಗೆ ಸಮಾಂತರವಾಗಿರುತ್ತದೆ. ಗೂಟದ ಬುಡ ನೋಡಿದರೆ ಕೋನ ತಪ್ಪು.

10′ವರೆಗೆ ಓದಬಲ್ಲ ಕ್ಲೈನೋಮೀಟರ್ 2° ಇಳಿಜಾರಿನ 30 ಮೀ.ಗೆ 3 ಮಿ.ಮೀ. ತಪ್ಪು ಕೊಡುತ್ತದೆ, ತೊಂದರೆಯಿಲ್ಲ. 10° ಇಳಿಜಾರಿನಲ್ಲಿ ಅದೇ 10′ ತಪ್ಪು 15 ಮಿ.ಮೀ. ಆಗುತ್ತದೆ. ಕೋನದ ಬದಲು ಎರಡು ತುದಿಗಳ ಎತ್ತರ ವ್ಯತ್ಯಾಸ ಲೆವೆಲ್ ಉಪಕರಣದಿಂದ ಗೊತ್ತಿದ್ದರೆ ತಿದ್ದುಪಡಿ ಇನ್ನೂ ಸುಲಭ: ಎತ್ತರ ವ್ಯತ್ಯಾಸದ ವರ್ಗವನ್ನು ಇಳಿಜಾರು ದೂರದ ಎರಡರಷ್ಟರಿಂದ ಭಾಗಿಸಿ, ಬಂದದ್ದನ್ನು ಕಳೆಯಿರಿ. 30 ಮೀ.ಗೆ 1.5 ಮೀ. ಏರಿದ್ದರೆ 2.25 ÷ 60 = 0.0375 ಮೀ. ಪೈಥಾಗೊರಸ್ ಲೆಕ್ಕ ಕೊಡುವುದೂ ಬಹುತೇಕ ಅಷ್ಟೇ. ಕಡಿದಾದಲ್ಲಿ ಮಾತ್ರ ಈ ಅಡ್ಡದಾರಿ ಬಿಟ್ಟು ಪೂರ್ತಿ ವರ್ಗಮೂಲ ತೆಗೆಯಿರಿ. ಇಳಿಜಾರು ನಡುವೆ ಬದಲಾಗುವ ಕಡೆ ಗೂಟ ಹೊಡೆದು ಪ್ರತಿ ತುಂಡಿಗೂ ಬೇರೆ ಕೋನ ಓದಬೇಕು. ಇಡೀ ಗೆರೆಗೆ ಒಂದು ಸರಾಸರಿ ಕೋನ ಹಾಕಿದರೆ ಲೆಕ್ಕ ಕೂಡುವುದಿಲ್ಲ.

ಟೇಪನ್ನೇ ಅಡ್ಡಲಾಗಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆಯುವ ಪದ್ಧತಿಯೂ ಇದೆ. ಇಳಿಯುತ್ತಾ ಅಳೆಯುವುದು ಸುಲಭ: ಸೊನ್ನೆ ತುದಿ ಮೇಲಿನ ಗೂಟದ ಬಳಿ ನೆಲಕ್ಕೆ, ಕೆಳಗಿನವರ ಕೈಯಲ್ಲಿ ತೂಗುಗುಂಡು. ಟೇಪು ಅಡ್ಡಕ್ಕೆ ಸರಿಯಾಗಿಲ್ಲದೆ 20 ಮೀ.ಗೆ ಒಂದು ತುದಿ ಅರ್ಧ ಮೀಟರ್ ಮೇಲೆಯೋ ಕೆಳಗೋ ಇದ್ದರೆ 6 ಮಿ.ಮೀ. ಹೆಚ್ಚು ಓದುತ್ತದೆ. ಮೇಲಾದರೂ ಕೆಳಗಾದರೂ ಹೆಚ್ಚೇ ಓದುವುದರಿಂದ ಪ್ರತಿ ಮೆಟ್ಟಿಲಿನ ತಪ್ಪೂ ಕೂಡುತ್ತಲೇ ಹೋಗುತ್ತದೆ, ಒಂದಕ್ಕೊಂದು ವಜಾ ಆಗುವುದಿಲ್ಲ.

ನಕ್ಷೆಯಿಂದ ನೆಲಕ್ಕೆ ಗುರುತು ಹಾಕುವಾಗ ಲೆಕ್ಕ ತಿರುಗಾಮುರುಗಾ. ನಕ್ಷೆಯಲ್ಲಿ 30.000 ಮೀ. ಇದ್ದು ನೆಲ 8° ಇಳಿಜಾರಿದ್ದರೆ ಟೇಪಿನ ಮೇಲೆ 30 ÷ ಕೊಸೈನ್ 8° = 30.295 ಮೀ. ಅಳೆಯಬೇಕು. ಇಲ್ಲಿ ಗುಣಿಸಿಬಿಟ್ಟರೆ 29.708 ಬರುತ್ತದೆ. ಇಳಿಜಾರು ದೂರ ಯಾವತ್ತೂ ಸಮತಲ ದೂರಕ್ಕಿಂತ ಹೆಚ್ಚಿರಬೇಕು ಎಂದು ಒಮ್ಮೆ ನೋಡಿಕೊಂಡರೆ ಸಿಕ್ಕಿಬೀಳುವ ತಪ್ಪು.

ಲೆಕ್ಕ ಎಲ್ಲಿ ಕೆಡುತ್ತದೆ

ಕ್ಯಾಲ್ಕುಲೇಟರಿನಲ್ಲಿ 86°24′30″ನ್ನು 86.2430 ಎಂದು ಒತ್ತುವುದು ತೀರಾ ಸಾಮಾನ್ಯ ತಪ್ಪು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಸಮತಲ ದೂರ 248.103 ಬರುತ್ತದೆ, ಬರೀ 46 ಮಿ.ಮೀ. ಕಡಿಮೆ; ಯಾರಿಗೂ ಗೊತ್ತಾಗದು. ಲಂಬ ದೂರ ಮಾತ್ರ 15.576ರ ಬದಲು 16.292, ಮುಕ್ಕಾಲು ಮೀಟರಿನ ಹತ್ತಿರ ತಪ್ಪು. ದೂರ ಸರಿ ಕಂಡಿತೆಂದು ಎತ್ತರವನ್ನು ನಂಬಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಸೈನ್, ಕೊಸೈನ್‌ಗಳು ರೇಡಿಯನ್ ಕೇಳುತ್ತವೆ. ಡಿಗ್ರಿಯನ್ನು ಹಾಗೇ ಕೊಟ್ಟರೆ ಉತ್ತರ ಅಡ್ಡಾದಿಡ್ಡಿ ಬರುತ್ತದೆ, ಅದು ಒಳ್ಳೆಯದೇ, ಕೂಡಲೇ ತಿಳಿಯುತ್ತದೆ. ಉಪಕರಣ ವೃತ್ತಕ್ಕೆ 400 ಗಾನ್ ಇರುವ ಕ್ರಮದಲ್ಲಿದ್ದರೆ ಸಮತಲ ದೃಷ್ಟಿಗೆ 90ರ ಬದಲು 100 ತೋರಿಸುತ್ತದೆ. ಕೆಲಸ ಶುರು ಮಾಡುವ ಮುನ್ನ ಟೆಲಿಸ್ಕೋಪನ್ನು ಸುಮಾರು ಅಡ್ಡಕ್ಕೆ ಹಿಡಿದು ನೋಡಿದರೆ ಸಾಕು.

ಎರಡು ಸಲ ಇಳಿಸುವುದು ಇನ್ನೊಂದು ಕಾಟ. ಉಪಕರಣದ ಪರದೆಯಲ್ಲಿ ಇಳಿಜಾರು ದೂರ, ಸಮತಲ ದೂರ, ಲಂಬ ದೂರ ಮೂರೂ ಇರುತ್ತವೆ. ಪುಸ್ತಕಕ್ಕೆ 248.149 ಬರೆದುಕೊಂಡು ಬಂದು, ಕಚೇರಿಯಲ್ಲಿ ಅದನ್ನೇ ಇಳಿಜಾರು ದೂರವೆಂದು ಮತ್ತೆ ಸೈನ್‌ನಿಂದ ಗುಣಿಸಿದರೆ ಇನ್ನೊಂದು 0.487 ಮೀ. ಕಳೆದುಹೋಗುತ್ತದೆ. ಪುಸ್ತಕಕ್ಕೆ ಯಾವಾಗಲೂ ಇಳಿಜಾರು ದೂರ, ಜೆನಿತ್ ಕೋನ, ಎರಡು ಎತ್ತರಗಳನ್ನು ಬರೆಯುವುದು ಮೇಲು. ಅವು ಇದ್ದರೆ ಮಿಕ್ಕಿದ್ದೆಲ್ಲವನ್ನೂ ಮತ್ತೆ ಲೆಕ್ಕ ಹಾಕಬಹುದು. ಬರೀ ಸಮತಲ ದೂರ ಇದ್ದರೆ ತಪ್ಪು ಹುಡುಕಲು ದಾರಿಯೇ ಇಲ್ಲ.

ಪ್ರಿಸಂ ಸ್ಥಿರಾಂಕ (ಆಯಾ ಪ್ರಿಸಂಗೆ ದೂರದಲ್ಲಿ ಕೂಡಿಸಬೇಕಾದ ಅಥವಾ ಕಳೆಯಬೇಕಾದ ನಿಗದಿತ ಮೊತ್ತ) ಮತ್ತು ಹವಾಮಾನದ ತಿದ್ದುಪಡಿ ಇಳಿಜಾರು ದೂರಕ್ಕೇ ಸೇರಬೇಕು, ಇಳಿಸುವ ಮೊದಲೇ. ಪ್ರಿಸಂ ಬದಲಾಯಿಸಿ ಸ್ಥಿರಾಂಕ ಬದಲಾಯಿಸದಿದ್ದರೆ ಪ್ರತಿ ಅಳತೆಯಲ್ಲೂ ಒಂದೇ ಮೊತ್ತದ ತಪ್ಪು, ಉದಾಹರಣೆಗೆ 30 ಮಿ.ಮೀ., ಕೂರುತ್ತದೆ, ಗೆರೆ ಚಿಕ್ಕದಾದಷ್ಟೂ ಅದು ದೊಡ್ಡ ಪಾಲು. ಹವಾಮಾನದ್ದು ಹಾಗಲ್ಲ, ದೂರದ ಜೊತೆ ಬೆಳೆಯುತ್ತದೆ: ಉಷ್ಣತೆ 1° ಸೆಲ್ಸಿಯಸ್ ತಪ್ಪಾದರೆ ಕಿಲೋಮೀಟರಿಗೆ ಸುಮಾರು 1 ಮಿ.ಮೀ. ಪ್ರಿಸಂ ಕೋಲಿನ ಬಬಲ್ 10′ ಆಚೀಚೆ ಇದ್ದರೆ 1.8 ಮೀ. ಎತ್ತರದಲ್ಲಿ ಪ್ರಿಸಂ 5 ಮಿ.ಮೀ. ಸರಿಯುತ್ತದೆ. ಪ್ರಿಸಂ ಎತ್ತರವನ್ನು ಗಿಡಗಂಟಿ ತಪ್ಪಿಸಲೆಂದು ಏರಿಸಿದಾಗ ಉಪಕರಣದವರಿಗೆ ಕೂಗಿ ಹೇಳಬೇಕು. ಸಮತಲ ದೂರ ಅದರಿಂದ ಕದಲುವುದಿಲ್ಲ, ಆರ್.ಎಲ್. ಮಾತ್ರ ಸದ್ದಿಲ್ಲದೆ ತಪ್ಪುತ್ತದೆ.

ಉದ್ದ ಗೆರೆಗಳಲ್ಲಿ ಭೂಮಿಯ ದುಂಡಗೆ

ಭೂಮಿಯ ವಕ್ರತೆ ಮತ್ತು ಬೆಳಕಿನ ಬಾಗುವಿಕೆ ಎರಡೂ ಸೇರಿ ಎತ್ತರಕ್ಕೆ ಕೊಡಬೇಕಾದ ತಿದ್ದುಪಡಿ ಸುಮಾರು 0.067 × (ಕಿಲೋಮೀಟರಿನಲ್ಲಿ ದೂರ)² ಮೀ. ಮುಂದಿನ ಬಿಂದುವಿನ ಎತ್ತರಕ್ಕೆ ಇದನ್ನು ಕೂಡಬೇಕು. 100 ಮೀ.ಗೆ 1 ಮಿ.ಮೀ. ಒಳಗೆ, 500 ಮೀ.ಗೆ 17 ಮಿ.ಮೀ., 1 ಕಿ.ಮೀ.ಗೆ 67 ಮಿ.ಮೀ. ಎಷ್ಟೋ ಉಪಕರಣಗಳು ಇದನ್ನು ತಾವೇ ಸೇರಿಸುತ್ತವೆ. ಸೆಟ್ಟಿಂಗ್ ನೋಡಿಕೊಳ್ಳದೆ ಕೈಲೆಕ್ಕದಲ್ಲಿ ಮತ್ತೆ ಸೇರಿಸಬೇಡಿ.

ನಮ್ಮ 248 ಮೀ. ಗೆರೆಗೆ ಅದು 4 ಮಿ.ಮೀ. ತಿದ್ದುಪಡಿ ಇಲ್ಲದೆ 'ಅ'ದಿಂದ ಸಿಕ್ಕ ಏರಿಕೆ 15.321 ಇದ್ದರೆ, ಬೇರೆ ತಪ್ಪಿಲ್ಲದಿದ್ದಲ್ಲಿ 'ಬ'ದಿಂದ ಹಿಂದಕ್ಕೆ ನೋಡಿದಾಗ ಇಳಿಕೆ 15.329ರ ಆಸುಪಾಸು ಬರುತ್ತದೆ. ಎರಡರ ಸರಾಸರಿ 15.325, 'ಬ'ದ ಆರ್.ಎಲ್. 627.665 ಮೀ. ಸೂತ್ರವೇ ಬೇಡ, ವಕ್ರತೆ ತಾನಾಗಿ ಹೊರಟುಹೋಯಿತು. ಎತ್ತರ ನಿಖರವಾಗಿ ಬೇಕಾದ ಟ್ರಾವರ್ಸಿನಲ್ಲಿ ಪ್ರತಿ ಗೆರೆಯನ್ನೂ ಎರಡು ತುದಿಗಳಿಂದ ನೋಡುವುದು ಇದಕ್ಕಾಗಿ. ಎರಡು ಏರಿಕೆಗಳ ಅಂತರ ನಿರೀಕ್ಷೆಗಿಂತ ಸೆಂಟಿಮೀಟರುಗಳಷ್ಟು ಹೆಚ್ಚು ಬಂದರೆ ಮೊದಲು ಅನುಮಾನಿಸಬೇಕಾದದ್ದು ಉಪಕರಣ ಮತ್ತು ಪ್ರಿಸಂ ಎತ್ತರಗಳ ಓದಿಕೆಯನ್ನು.

ಸರ್ಕಾರಿ ನಿಯಂತ್ರಣ ಬಿಂದುಗಳಿಗೆ ಅಥವಾ ಉಪಗ್ರಹ ರಿಸೀವರಿನ ಗ್ರಿಡ್ ಕೋಆರ್ಡಿನೇಟ್‌ಗಳಿಗೆ ಜೋಡಿಸುವುದಾದರೆ ಇನ್ನೆರಡು ಹೆಜ್ಜೆಗಳಿವೆ. ಸಮುದ್ರಮಟ್ಟಕ್ಕೆ ಇಳಿಸಲು ಸಮತಲ ದೂರವನ್ನು ಭೂಮಿಯ ತ್ರಿಜ್ಯ (ಸುಮಾರು 6371 ಕಿ.ಮೀ.) ಮತ್ತು 'ತ್ರಿಜ್ಯ + ಎತ್ತರ' ಇವುಗಳ ಅನುಪಾತದಿಂದ ಗುಣಿಸಬೇಕು, 900 ಮೀ. ಎತ್ತರದ ನೆಲದಲ್ಲಿ ಕಿಲೋಮೀಟರಿಗೆ 14 ಸೆಂ.ಮೀ. ಕಡಿಮೆಯಾಗುತ್ತದೆ. ಆಮೇಲೆ ಗ್ರಿಡ್ಡಿನ ಸ್ಕೇಲ್ ಫ್ಯಾಕ್ಟರ್ (ನೆಲದ ದೂರವನ್ನು ನಕ್ಷೆಯ ಗ್ರಿಡ್ ದೂರಕ್ಕೆ ಬದಲಿಸುವ ಗುಣಕ); ಯುಟಿಎಂ (ಜಗತ್ತನ್ನು ವಲಯಗಳಾಗಿ ಹಂಚಿದ ನಕ್ಷೆಯ ಗ್ರಿಡ್) ವಲಯದ ನಡು ರೇಖೆಯ ಮೇಲೆ ಅದು 0.9996, ಅಂದರೆ ಕಿಲೋಮೀಟರಿಗೆ 40 ಸೆಂ.ಮೀ. ಕಡಿತ. ಒಂದು ನಿವೇಶನದ ಅಳತೆಗೆ ಇವು ಬೇಡ. ಆದರೆ ಟೋಟಲ್ ಸ್ಟೇಷನ್ನಿನ ಸಮತಲ ದೂರಕ್ಕೂ ಎರಡು ಗ್ರಿಡ್ ಬಿಂದುಗಳಿಂದ ಲೆಕ್ಕ ಹಾಕಿದ ದೂರಕ್ಕೂ ಕಿಲೋಮೀಟರಿಗೆ ಅರ್ಧ ಮೀಟರಿನ ಆಸುಪಾಸು ವ್ಯತ್ಯಾಸ ಕಂಡರೆ ಜೆನಿತ್ ಕೋನವನ್ನು ದೂರುವ ಮೊದಲು ಈ ಎರಡು ಗುಣಕಗಳನ್ನು ಹಾಕಿ ನೋಡಿ.